ಅಪ್‌ಡೇಟ್: ಅಪ್ಪನ ಎಮರ್ಜೆನ್ಸಿ ಬಿಲ್, ಇಸಿಎಚ್‌ಎಸ್ ಕ್ಲೇಮ್

ಮಾಜಿ ಸೈನಿಕರಾದ ಅಪ್ಪನಿಗೆ ನಡುರಾತ್ರಿ ಎದೆನೋವು ಬಂದಾಗ, ಇಸಿಎಚ್‌ಎಸ್ (ಮಾಜಿ ಸೈನಿಕರ ಆರೋಗ್ಯ ಯೋಜನೆ) ಪಟ್ಟಿಯಲ್ಲಿಲ್ಲದ ಆಸ್ಪತ್ರೆಗೇ ಸೇರಿಸಬೇಕಾಯ್ತು, ಖರ್ಚು ವಾಪಸ್ ಸಿಗುತ್ತಾ ಅಂತ ಕೇಳಿದ್ದೆ. ಸಿಕ್ಕಿತು. ಪೂರ್ತಿ ಅಲ್ಲ.

'48 ಗಂಟೆಯೊಳಗೆ ಪಾಲಿಕ್ಲಿನಿಕ್‌ಗೆ (ಇಸಿಎಚ್‌ಎಸ್‌ನದೇ ಕ್ಲಿನಿಕ್) ತಿಳಿಸಿ' ಎಂದವರಿಗೆ ದೊಡ್ಡ ನಮಸ್ಕಾರ. ಕ್ಲೇಮ್ ನಿಂತಿದ್ದೇ ಅದರ ಮೇಲೆ. ಅಪ್ಪ ಐಸಿಯುನಲ್ಲಿದ್ದಾಗಲೇ ನನ್ನ ತಮ್ಮ ಇಸಿಎಚ್‌ಎಸ್ ಕಾರ್ಡ್ ಹಿಡಿದು ಹೋಗಿ ತಿಳಿಸಿ ಬಂದ. ಆಸ್ಪತ್ರೆಯವರು ಮೊದಲು ಕೊಟ್ಟಿದ್ದು ಒಂದೇ ಸಾಲಿನ ಬಿಲ್: 'ಚಿಕಿತ್ಸಾ ವೆಚ್ಚ', ಕೆಳಗೆ ಮೊತ್ತ. ಅದು ನಡೆಯಲ್ಲ. ಔಷಧಿ, ಸ್ಟೆಂಟ್, ಟೆಸ್ಟ್ ಎಲ್ಲ ಬಿಡಿಬಿಡಿಯಾಗಿ ಬೇಕು. ಜೊತೆಗೆ ಡಿಸ್ಚಾರ್ಜ್ ಸಮ್ಮರಿ, ಎಮರ್ಜೆನ್ಸಿ ಸರ್ಟಿಫಿಕೇಟ್, ಸ್ಟೆಂಟ್ ಪೊಟ್ಟಣದ ಸ್ಟಿಕ್ಕರ್ ಕೂಡ.

ಹಣ ಮಂಜೂರಾಗುವುದು ಸಿಜಿಎಚ್‌ಎಸ್ (ಕೇಂದ್ರ ಸರ್ಕಾರದ ಆರೋಗ್ಯ ಯೋಜನೆ) ದರದಲ್ಲಿ. ಖಾಸಗಿ ಆಸ್ಪತ್ರೆ ಹಾಕಿದ್ದು ಅದಕ್ಕಿಂತ ಜಾಸ್ತಿ, ಉಳಿದಿದ್ದು ನಮ್ಮ ಜೇಬಿನಿಂದ. ಬೇಜಾರಿದೆ. ಎದೆನೋವಿನಲ್ಲಿ ಯಾರಾದರೂ ಪಟ್ಟಿ ಹುಡುಕುತ್ತಾ ಕೂರುತ್ತಾರಾ?

ಅಪ್ಪ ಈಗ ಆರಾಮ. ಮುಂದಿನ ಚೆಕಪ್‌ಗೆ ಪಾಲಿಕ್ಲಿನಿಕ್‌ನಿಂದಲೇ ರೆಫರಲ್ ತಗೊಂಡು ಪಟ್ಟಿಯಲ್ಲಿರುವ ಆಸ್ಪತ್ರೆಗೆ ಹೋಗುತ್ತಿದ್ದೇವೆ. ಅಲ್ಲಿ ಕ್ಯಾಶ್‌ಲೆಸ್. ಕಾಯುವುದು ಮಾತ್ರ ಇದ್ದಿದ್ದೇ.