ಡಿಸ್ಲೆಕ್ಸಿಯಾಗೆ ಕನ್ನಡದಲ್ಲಿ ಏನಂತೀರಿ? (ಅರ್ಜೆಂಟು)

ಎಲ್ರಿಗೂ ನಮಸ್ಕಾರ. ಬಸ್ಸು, ಮೆಟ್ರೋ ಪ್ರಯಾಣಿಕರಿಗೆ ಹಂಚೋ ಕರಪತ್ರ ಅನುವಾದ ಮಾಡ್ತಿದೀನಿ, ನಾಳೆ ಬೆಳಗ್ಗೆ ಪ್ರಿಂಟಿಗೆ ಹೋಗತ್ತೆ. ಡಿಸ್ಲೆಕ್ಸಿಯಾ ಇರೋರಿಗೆ ಓದೋಕೆ ಸುಲಭವಾಗೋ ಟೈಮ್‌ಟೇಬಲ್ ಬೇರೆ ಇದೆ, ಕೌಂಟರಲ್ಲಿ ಕೇಳಿ ಅಂತ ಒಂದು ಸಾಲು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಇದನ್ನ ಕಲಿಕಾ ನ್ಯೂನತೆ ಜೊತೆ ಸೇರಿಸಿದೆ, ಆದ್ರೆ ಅಷ್ಟುದ್ದ ಹೆಸರು ಬರೆಯೋಕೆ ಜಾಗ ಇಲ್ಲ. 'ಓದುದೋಷ' ಅಂದ್ರೆ ನಡೆಯತ್ತಾ?
- ಸು.

> ಓದುದೋಷ
ಅರಿಸಮಾಸ, ಕನ್ನಡ ಪದಕ್ಕೆ ಸಂಸ್ಕೃತ ಪದ ಅಂಟಿಸಿದ್ದು. ಬೇಡ. 'ಪಠನದೋಷ' ಅನ್ನಿ.
- ರಾ.ಭ.

ಅಲ್ಲ ಮೇಷ್ಟ್ರೇ, ಅಕ್ಷರ ಗುರ್ತು ಹಿಡಿಯೋಕೇ ಒದ್ದಾಡೋರಿಗೆ ಇಡೋ ಹೆಸರಲ್ಲಿ ಠ, ಷ ಎರಡೂನಾ? ರ ಹೊಟ್ಟೇಲಿ ಚುಕ್ಕಿ ಇಟ್ರೆ ಠ, ಪ ಹೊಟ್ಟೆ ಸೀಳಿದ್ರೆ ಷ. ಭಾಷಾವಿಜ್ಞಾನಿ ಶಂಕರಭಟ್ಟರು ಮಹಾಪ್ರಾಣ ಬಿಡಿ ಅಂದಾಗ ನಕ್ಕೋರು ದ, ಧ, ಥ ಮೂರನ್ನೂ ದೂರದಿಂದ ಒಂದ್ಸಲ ನೋಡಿ. 'ಓದುತೊಡಕು' ಹಾಕಿ, ತೊಡರು ತೊಡಕು ಅಚ್ಚ ಕನ್ನಡ.
- ಮಂ.

ಶುರುವಾಯ್ತು ಮಹಾಪ್ರಾಣ ಪುರಾಣ. 'ನಿಲ್ದಾಣ'ದಲ್ಲಿ ದಾಣ ಎಲ್ಲಿಂದ ಬಂತು? ಸ್ಥಾನ, ತಾಣ, ಆಮೇಲೆ ಆದೇಶ ಸಂಧಿ. ಸಂಸ್ಕೃತ ತೆಗೆದ್ರೆ ನಿಮ್ಮ ಬಸ್ಸಿಗೆ ನಿಲ್ಲೋಕೂ ಜಾಗ ಇರಲ್ಲ.
- ರಾ.ಭ.

ತಾಣ ತದ್ಭವ ಸಾರ್, ನಮ್ಮ ಬಾಯಿಗೆ ತಕ್ಕಂಗೆ ಸವೆಸಿ ತಗೊಂಡಿದ್ದು, ಬಸ್ಸಿಗೆ ಉಕಾರ ಹಚ್ಚಲಿಲ್ವಾ ಹಂಗೆ. ನಾನು ಹೇಳ್ತಿರೋದೂ ಅದೇ.
- ಮಂ.

ನನ್ನ ಮಗನಿಗೆ ಡಿಸ್ಲೆಕ್ಸಿಯಾ ಇದೆ, ಮನೇಲೂ ಹಂಗೇ ಅಂತೀವಿ, ಅವನೂ ಹಂಗೇ ಹೇಳ್ಕೋತಾನೆ. ದಯವಿಟ್ಟು ದೋಷ ಗೀಷ ಬೇಡ, ಜಾತಕ ನೋಡ್ದಂಗಿರತ್ತೆ. ಅವನಿಗೆ ಕಷ್ಟ ಆಗೋದು ಮೂರು ಅಂಕಿ ಪಕ್ಕ ಒಂದು ಅಕ್ಷರ ಇರೋ ರೂಟ್ ನಂಬರು, ಅಂಕಿ ಅದಲುಬದಲಾಗಿ ಕಾಣತ್ತೆ, ಬೋರ್ಡಲ್ಲಿ ಅಕ್ಷರ ಓಡ್ತಾ ಇದ್ರಂತೂ ಓದಿ ಮುಗಿಸೋಷ್ಟ್ರಲ್ಲಿ ಬಸ್ಸು ಹೊರಟೋಗಿರತ್ತೆ. ಮೆಟ್ರೋದಲ್ಲಿ ನೇರಳೆ, ಹಸಿರು, ಹಳದಿ ಅಂತ ಬಣ್ಣ ಹಿಡ್ಕೊಂಡು ಒಬ್ಬನೇ ಹೋಗಿ ಬರ್ತಾನೆ. ಮೆಕ್ಸಿಕೋ ಸಿಟಿ ಮೆಟ್ರೋದಲ್ಲಿ ಒಂದೊಂದು ಸ್ಟೇಷನ್ನಿಗೂ ಒಂದೊಂದು ಚಿತ್ರ ಇದೆ, 1969ರಿಂದ, ಓದು ಬರದೇ ಇರೋರಿಗೂ ಗೊತ್ತಾಗ್ಲಿ ಅಂತ. ಇನ್ನೊಂದು, ಇಂಗ್ಲಿಷಿನವರ ಸೂಚನೆ ನೋಡಿ ಕ್ಯಾಪಿಟಲ್ ಬೇಡ, ಇಟ್ಯಾಲಿಕ್ ಬೇಡ ಅಂತ ಕೂರಬೇಡಿ, ನಮ್ಮಲ್ಲಿ ಕ್ಯಾಪಿಟಲ್ ಎಲ್ಲಿದೆ, ನಮ್ಮ ತಲೆನೋವು ಒತ್ತಕ್ಷರ. ಸಾಲಿನ ಮಧ್ಯೆ ಜಾಗ ಬಿಡಿ, ಇಲ್ದಿದ್ರೆ ಒತ್ತು ಹೋಗಿ ಕೆಳಗಿನ ಸಾಲಿನ ದೀರ್ಘಕ್ಕೋ ಗುಡಿಸಿಗೋ ಢಿಕ್ಕಿ ಹೊಡೆಯತ್ತೆ.
- ವ.

ವ. ಅವರೇ, ಒತ್ತಕ್ಷರದ್ದು ನನಗೆ ಹೊಳೆದೇ ಇರಲಿಲ್ಲ, ಡಿಟಿಪಿಯವರಿಗೆ ಈಗಲೇ ಫೋನ್ ಮಾಡಿ ಹೇಳ್ದೆ. ಸಾಲು ಹೀಗೆ ಕೊಟ್ಟಿದೀನಿ: 'ಡಿಸ್ಲೆಕ್ಸಿಯಾ (ಓದುತೊಡಕು) ಇರುವವರಿಗೆ ಸುಲಭಓದು ವೇಳಾಪಟ್ಟಿ ಇದೆ, ಕೇಳಿ ಪಡೆಯಿರಿ.'
- ಸು.

> ಸುಲಭಓದು
ಮತ್ತೆ ಅರಿಸಮಾಸ.
- ರಾ.ಭ.