ಆರ್ಟೀರಿಯಲ್ ಫಿಲ್ಟರ್ ಬೇರೆ ಇರಬೇಕಾ, ಆಕ್ಸಿಜನೇಟರ್ ಒಳಗೇ ಸಾಕಾ? ಬಳಸಿದವರು ಹೇಳಿ

ಕೇಳಿದವರು, ದಾವಣಗೆರೆ ಕಡೆ: ನಮ್ಮ ಹಾರ್ಟ್ ಆಪರೇಷನ್ ಒ.ಟಿ.ಗೆ ಈ ವರ್ಷದ ಪರ್ಚೇಸ್ ನಡೀತಿದೆ. ಹಾರ್ಟ್-ಲಂಗ್ ಮಷೀನಿನಲ್ಲಿ (ನಾವು ಪಂಪ್ ಅನ್ನೋದು) ರಕ್ತಕ್ಕೆ ಆಕ್ಸಿಜನ್ ಸೇರಿಸೋದು ಆಕ್ಸಿಜನೇಟರ್; ರೋಗಿಗೆ ವಾಪಸ್ ಹೋಗೋ ರಕ್ತದಲ್ಲಿ ಗುಳ್ಳೆ, ಹೆಪ್ಪು ತಡೆಯೋ ಜರಡಿ ಆರ್ಟೀರಿಯಲ್ ಫಿಲ್ಟರ್. ತಿಂಗಳಿಗೆ ಹದಿನೈದು ಕೇಸ್, ಹೆಚ್ಚಿನವು ವಾಲ್ವ್. ಇಲ್ಲೀವರೆಗೆ ಫಿಲ್ಟರ್ ಬೇರೆ ಹಾಕ್ತಿದ್ದೆ. ಈಗ ಫಿಲ್ಟರ್ ಕೂಡಿಸಿದ ಆಕ್ಸಿಜನೇಟರ್ ತಗೊಳ್ಳಿ ಅಂತಿದ್ದಾರೆ. ಪಂಪ್ ನಡೆಸೋಕೆ ನಾನೊಬ್ಬನೇ.

ಹುಬ್ಬಳ್ಳಿ, 19 ವರ್ಷ ಪಂಪ್: ಬದಲಿ ಮಾಡಬ್ಯಾಡ್ರಿ. 2016ರಾಗ ಒಂದು ಮೈಟ್ರಲ್ ವಾಲ್ವ್ ಕೇಸ್. ಪಂಪ್ ಬಂದ್ ಆಗಿತ್ತು, ಪ್ರೊಟಮಿನ್ (ರಕ್ತ ಮತ್ತ ಹೆಪ್ಪುಗಟ್ಟಂಗ ಮಾಡೂ ಔಷಧ) ಸುರು ಮಾಡ್ಯಾರ, ನನಗ ಯಾರೂ ಹೇಳಿಲ್ಲ, ಎದಿಯೊಳಗಿನ ರಕ್ತ ಹೀರಿ ಮಷೀನಿಗೆ ತರೂ ಸಕ್ಕರ್ ನಡದೇ ಐತಿ. ಅಷ್ಟರಾಗ ಹಾರ್ಟಿನ ಹಿಂದಿನಿಂದ ಬ್ಲೀಡಿಂಗ್. ರಕ್ತ ಹೆಪ್ಪುಗಟ್ಟದಂಗ ಮತ್ತ ಹೆಪಾರಿನ್ ಕೊಟ್ಟು ಪಂಪ್ ಮ್ಯಾಲೆ. ಐದ ನಿಮಿಷದಾಗ ಫಿಲ್ಟರ್ ಮುಂದಿನ ಪ್ರೆಶರ್ 180 ಇದ್ದದ್ದು 340. ಫಿಲ್ಟರ್ ಬಳಸಿ ಹೋಗೂ ಪಕ್ಕದ ನಳಿ, ಅಂದ್ರ ಲೂಪಿನ ಕ್ಲ್ಯಾಂಪ್ ತಗದೆ, ಫಿಲ್ಟರಿಗೆ ಎರಡೂ ಕಡೆ ಕ್ಲ್ಯಾಂಪ್ ಹಾಕಿದೆ, ಫ್ಲೋ ಉಳೀತು. ಕೇಸ್ ಮುಗದ ಮ್ಯಾಲೆ ಒಡದು ನೋಡಿದರ ಜಾಳಿಗಿ ಮಡಿಕಿಯೊಳಗೆಲ್ಲ ಅಗಸಿ ಹಿಂಡಿ ಮೆತ್ತಿದಂಗ ಹೆಪ್ಪು. ಒಳಗಿನ ಫಿಲ್ಟರ್ ಕಟ್ಟಿದರ ಏನ ಮಾಡ್ತೀರಿ? ಪೂರಾ ಆಕ್ಸಿಜನೇಟರ್ ಕಿತ್ತು ಬದಲಿಸಬೇಕು. ಒಬ್ಬರೇ!

ಮೈಸೂರು: ನಾನು ಫಿಲ್ಟರ್ ಕೂಡಿಸಿದ್ದಕ್ಕೆ ಬದಲಾಯಿಸಿ ಆರು ವರ್ಷ ಆಯ್ತು, ಒಂದು ದಿನವೂ ಬೇಜಾರಾಗಿಲ್ಲ. ನಮ್ಮಲ್ಲಿ ಬರೋದು ರುಮ್ಯಾಟಿಕ್ ವಾಲ್ವಿನ ಹೆಂಗಸರು, 40, 42 ಕೆ.ಜಿ. 42 ಕೆ.ಜಿ.ಗೆ ರಕ್ತ ಸುಮಾರು 2,730 ಮಿ.ಲೀ., ಹೀಮಟೋಕ್ರಿಟ್ (ರಕ್ತದಲ್ಲಿ ಕೆಂಪು ಕಣದ ಪಾಲು) ಶೇ. 33. ಮಷೀನ್ ತುಂಬಿಸೋ ದ್ರವ, ಅಂದ್ರೆ ಪ್ರೈಮ್, 1,300 ಮಿ.ಲೀ. ಇದ್ದರೆ ಪಂಪ್ ಮೇಲೆ 22.4ಕ್ಕೆ ಬೀಳುತ್ತೆ. ಫಿಲ್ಟರಿನ 200 ಮಿ.ಲೀ. ತೆಗೆದರೆ 23.5. ಬೇರೆ ಫಿಲ್ಟರ್ ನಮಗೆ 2,850 ರೂ., ಕನೆಕ್ಟರ್, ಲೂಪ್ ಟ್ಯೂಬ್ ಸೇರಿ 3,200 ಬೀಳ್ತಿತ್ತು. ಹಳೆ ಆಕ್ಸಿಜನೇಟರಿಗೆ ಅದನ್ನ ಸೇರಿಸಿದರೂ ಹೊಸದು ಸಾವಿರ ಹೆಚ್ಚು. ಮೂರು ಸಲ ಪರ್ಚೇಸ್‌ನವರ ಮುಂದೆ ಈ ಲೆಕ್ಕ ಬರೆದು ನಿಂತಿದ್ದೀನಿ, ಎರಡು ಸಲ ವಾಪಸ್ ಕಳಿಸಿದ್ರು. ಹೀಮಟೋಕ್ರಿಟ್ ಬಿದ್ದರೆ ಹಾಕೋ ರಕ್ತದ ಬ್ಯಾಗ್ 1,550, ತರೋಕೆ ಓಡೋರು ರೋಗಿ ಮನೆಯವರು ಅಂದಮೇಲೆ ಸಹಿ ಆಯ್ತು.

ಹುಬ್ಬಳ್ಳಿ: ಒಂದ ಪಾಯಿಂಟಿನ ಸಲುವಾಗಿ ಲೂಪ್ ಬಿಡೂದ? ರೆಟ್ರೋಗ್ರೇಡ್ ಪ್ರೈಮಿಂಗ್ (ರೋಗಿ ರಕ್ತ ಹಿಂದಕ ಬಿಟ್ಟು ಪ್ರೈಮ್ ಹೊರಗ ತಗಿಯೂದು) ಮಾಡಿದರ ಅದಕ್ಕಿಂತ ಹೆಚ್ಚು ಉಳೀತೈತಿ.

ಮೈಸೂರು: ಬಿ.ಪಿ. 80 ಇರೋ ಅಜ್ಜಿಗೆ ಮಾಡಿ ತೋರಿಸಿ ಸಾರ್. ನಿಮ್ಮ ಹೆಪ್ಪು ಫಿಲ್ಟರ್ ತಪ್ಪಲ್ಲ, ಸಕ್ಕರ್ ನಿಲ್ಲಿಸದಿದ್ದದ್ದು.

ಹುಬ್ಬಳ್ಳಿ: ಪ್ರೊಟಮಿನ್ ಸುರು ಆಗೇತಿ ಅಂತ ಹೇಳೂದು ಯಾರ ಕೆಲಸ? ಎದುರಿಗೆ ನಿಂತು ಮಾತಾಡ್ರಿ. ಆ ರೋಗಿ ನಡಕೊಂತ ಮನೀಗೆ ಹೋಗ್ಯಾಳ.

ಮಂಗಳೂರು: ಇಬ್ಬರೂ ಜಗಳ ಮಾಡುವುದು ಜರಡಿಗೆ ಮಾರಾಯ್ರೆ. 32 ಇರಲಿ 40 ಮೈಕ್ರಾನ್ ಇರಲಿ, ಅದಕ್ಕಿಂತ ಸಣ್ಣ ಗುಳ್ಳೆ ದಾಟಿ ಹೋಗುತ್ತದೆ. ಗುಳ್ಳೆ ಹುಟ್ಟುವಲ್ಲೇ ನಿಲ್ಲಿಸಬೇಕು. ನನಗೆ ಗೊತ್ತಾದದ್ದು ಒಂದು ಎ.ಎಸ್.ಡಿ. (ಹೃದಯದ ಮೇಲಿನ ಕೋಣೆಗಳ ನಡುವಿನ ತೂತು) ಕೇಸಿನಲ್ಲಿ. ಹೃದಯದಿಂದ ರಕ್ತ ತರುವ ನಳಿಯ (ವೀನಸ್ ಕ್ಯಾನುಲಾ) ಸುತ್ತಲಿನ ಹೊಲಿಗೆ, ಪರ್ಸ್‌ಸ್ಟ್ರಿಂಗ್, ಸಡಿಲ; ರಕ್ತ ಎಳೆಯುವ ವ್ಯಾಕ್ಯೂಮ್ ಮೈನಸ್ 60ಕ್ಕೆ ಏರಿಸಿದ್ದೆ. ಲೈನಿನಲ್ಲಿ ಗುಳ್ಳೆ ಸಾಲುಸಾಲು, ಗಂಜಿ ಕುದಿದ ಹಾಗೆ. ಫಿಲ್ಟರ್ ಮೇಲಿನ ಗಾಳಿ ಹೊರಹೋಗುವ ಪರ್ಜ್ ಲೈನಿನಲ್ಲಿ ನೊರೆ ನಿಲ್ಲಲೇ ಇಲ್ಲ. ಇನ್ನೊಂದು ಹೊಲಿಗೆ ಹಾಕಿಸಿ ಮೈನಸ್ 30ಕ್ಕೆ ಇಳಿಸಿದ ಮೇಲೆ ನಿಂತದ್ದು. ಆಮೇಲಿಂದ ಮೈನಸ್ 40 ದಾಟಿಸಿದ್ದಿಲ್ಲ. ಪ್ರೈಮ್ ಮೊದಲು ಐದು ನಿಮಿಷ ಕಾರ್ಬನ್ ಡೈಆಕ್ಸೈಡ್ ಬಿಡದೆ ಸರ್ಕ್ಯೂಟ್ ಮುಟ್ಟುವುದೂ ಇಲ್ಲ. ಗಾಳಿಯ ನೈಟ್ರೋಜನ್ ಬೇಗ ಕರಗದು, ಇದು ಕರಗಿ ಹೋಗುತ್ತದೆ.

ಕಲಬುರಗಿ: ಸಿಲಿಂಡರ್ ಬರೂದಕ್ಕ ನಮ್ಮಲ್ಲಿ ನಾಕ ದಿನ. ತಟ್ಟಿ ತಟ್ಟಿ ಗುಳ್ಳಿ ತಗಿತೀನಿ, ಅರ್ಧ ತಾಸು ರೀಸರ್ಕ್ಯುಲೇಟ್ ಮಾಡ್ತೀನಿ. ಪ್ರೀ-ಬೈಪಾಸ್ ಫಿಲ್ಟರ್ ಹಾಕಿ ಪ್ಲಾಸ್ಟಿಕ್ ಚೂರು ತಗದೇ ತಗಿತೀನಿ.

ಮಂಗಳೂರು: ಕ್ಲ್ಯಾಂಪಿನಲ್ಲಿ ತಟ್ಟುವುದಾ? ಗಟ್ಟಿ ಪ್ಲಾಸ್ಟಿಕ್, ಪಾಲಿಕಾರ್ಬೊನೇಟ್ ಅದು, ಬಿರುಕು ಬಿಟ್ಟರೆ?

ಕಲಬುರಗಿ: ರಬ್ಬರ್ ಸುತ್ತಿಗಿ ಅದರೀ. ಹನ್ನೊಂದು ವರ್ಷದಾಗ ಒಂದೂ ಬಿರುಕು ಬಿಟ್ಟಿಲ್ಲ. ಮೊದಲು ನಿಮ್ಮ ಪರ್ಜ್ ಲೈನ್ ನೋಡ್ಕೊರಿ. ಒಂದೇ ದಿಕ್ಕಿಗೆ ಬಿಡೂ ವಾಲ್ವ್ ಇಲ್ಲದ ಪರ್ಜ್ ತೆರದಿಟ್ಟು ಪಂಪ್ ನಿಲ್ಲಿಸಿದರ ಏನ ಆಗ್ತದ ನಾ ಕಂಡೀನಿ. ರಕ್ತ ಹಿಂದಕ ಇಳದು ಅಯೋರ್ಟಾ ಕ್ಯಾನುಲಾದ ಬದಿಯಿಂದ ಗಾಳಿ ಎಳಕೊಂಡಿತ್ತು. ಲೈನ್ ಮತ್ತ ತುಂಬಿಸಿ ಗಾಳಿ ಪೂರಾ ತಗಿಯೋತನಕ ಸರ್ಜನ್ನರು ನನ್ನ ಮಾರಿನೇ ನೋಡ್ಕೋತ ನಿಂತಿದ್ರು.

ದಾವಣಗೆರೆ ಕಡೆ: ಎಲ್ಲರಿಗೂ ನಮಸ್ಕಾರ. ಪಂಪ್‌ಗೆ ಒಬ್ಬನೇ ಇರುವಾಗ ಆಕ್ಸಿಜನೇಟರ್ ಬದಲಿಸಿದವರು ಯಾರಾದ್ರೂ ಇದ್ದೀರಾ? ಎಷ್ಟು ನಿಮಿಷ ಹಿಡೀತು?

ಹುಬ್ಬಳ್ಳಿ: ಅದನ್ನ ಮೈಸೂರಿನವರನ್ನ ಕೇಳ್ರಿ.