ಶಾಲೆಯಲ್ಲಿ ಮುಖ ಸ್ಕ್ಯಾನ್ ಹಾಜರಿ: ಒಪ್ಪಿಗೆ ಪತ್ರಕ್ಕೆ ಸಹಿ ಹಾಕಬೇಕಾ? ಅನುಭವ ಇದ್ದವರು ತಿಳಿಸಿ

ತುಮಕೂರಿನ ತಾಯಿ (ಪ್ರಶ್ನೆ): ಮಗ ಆರನೇ ಕ್ಲಾಸು, ಖಾಸಗಿ ಶಾಲೆ. ಜೂನ್‌ನಿಂದ ಗೇಟಿನಲ್ಲೇ ಮುಖ ಸ್ಕ್ಯಾನ್ ಮಾಡಿ ಹಾಜರಿ ಹಾಕುತ್ತಾರಂತೆ. ಎಐ ಯಂತ್ರ, ಮಗು ಒಳಗೆ ಹೋದ ಕೂಡಲೇ ನಮ್ಮ ಮೊಬೈಲಿಗೆ ಮೆಸೇಜ್ ಬರುತ್ತದೆ ಎನ್ನುತ್ತಾರೆ. ಡೈರಿಯಲ್ಲಿ ಒಪ್ಪಿಗೆ ಪತ್ರ ಬಂದಿದೆ, ಪೂರ್ತಿ ಇಂಗ್ಲಿಷಿನಲ್ಲಿ. ಸೇವೆಯನ್ನು ಸುಧಾರಿಸಲು ಮಾಹಿತಿಯನ್ನು ಪಾಲುದಾರರ ಜೊತೆ ಹಂಚಿಕೊಳ್ಳಬಹುದು ಅಂತ ಅದರಲ್ಲಿ ಒಂದು ಸಾಲಿದೆ. ಸಹಿ ಹಾಕದಿದ್ದರೆ ಏನಾಗುತ್ತೆ ಎಂದು ಕೇಳಿದೆ. "ಎಲ್ಲರೂ ಹಾಕಿದಾರೆ ಮೇಡಂ" ಅಂದರು. ನಿಮ್ಮ ಮಕ್ಕಳ ಶಾಲೆಯಲ್ಲಿ ಹೀಗೆ ಬಂದಾಗ ಏನು ಮಾಡಿದಿರಿ?

ಬೆಂಗಳೂರಿನಿಂದ, ಇಂಥ ಯಂತ್ರಗಳನ್ನು ಅಳವಡಿಸುವ ಕೆಲಸದಲ್ಲಿದ್ದವರು: ಮೇಡಂ, ಒಳಗೆ ನಡೆಯುವುದನ್ನು ಹೇಳುತ್ತೇನೆ. ಮೊದಲು ಮಗುವನ್ನು ನಿಲ್ಲಿಸಿ ನೇರ, ಎಡ, ಬಲ ಹೀಗೆ ಕೆಲವು ಫೋಟೊ ತೆಗೆಯುತ್ತಾರೆ. ತಂತ್ರಾಂಶ ಅದರಿಂದ ಅಂಕಿಗಳ ಒಂದು ಸಾಲು ಮಾಡಿಕೊಳ್ಳುತ್ತದೆ, ಟೆಂಪ್ಲೇಟ್ ಅನ್ನುತ್ತೇವೆ. ಗೇಟಿನ ಕ್ಯಾಮೆರಾ ದಿನವೂ ಎದುರಿಗೆ ಬಂದ ಮುಖವನ್ನು ಅದರ ಜೊತೆ ತಾಳೆ ನೋಡುತ್ತದೆ. ಮಕ್ಕಳ ಮುಖ ಬೆಳೆಯುತ್ತಾ ಬದಲಾಗುವುದರಿಂದ ಆಗಾಗ ಹೊಸದಾಗಿ ಫೋಟೊ ತೆಗೆಯಬೇಕು. ಹೀಗೆ ಒಂದೇ ಮಗುವಿನ ಹಲವು ವರ್ಷದ ಮುಖಗಳು ಹೆಸರು, ಕ್ಲಾಸು, ಅಪ್ಪ ಅಮ್ಮನ ನಂಬರಿನ ಸಮೇತ ಒಂದೇ ಕಡೆ ಸೇರುತ್ತವೆ. ಮುಖ ಗುರುತಿಸುವ ಎಐಗೆ ತರಬೇತಿ ಕೊಡುವವರಿಗೆ ಬೇಕಾದ್ದು ಇಂಥ ಸರಕೇ. ನೀವು ಹೇಳಿದ ಆ "ಸೇವೆಯ ಸುಧಾರಣೆ" ಎಂಬ ಸಾಲಿನ ಹಿಂದೆ ಬಹಳ ಸಲ ಇರುವುದು ಇದು.

ಶಾಲೆಗೆ ಹೋಗಿ ಕೇಳಿ: ಫೋಟೊ ಇರುವುದು ಯಂತ್ರದಲ್ಲೋ, ಕಂಪನಿಯ ಕ್ಲೌಡ್‌ನಲ್ಲೋ? ಟೆಂಪ್ಲೇಟ್ ಆದ ಮೇಲೆ ಮೂಲ ಫೋಟೊ ಅಳಿಸುತ್ತಾರಾ? ಮಗು ಟಿಸಿ ತಗೊಂಡು ಹೋದಾಗ ಅಳಿಸುವ ಜವಾಬ್ದಾರಿ ಯಾರದು? ತರಬೇತಿಗೆ ಬಳಸುವುದಿಲ್ಲ ಎಂದು ಕಂಪನಿಯ ಒಪ್ಪಂದದಲ್ಲಿ ಬರೆದಿದೆಯಾ? ಇವನ್ನೆಲ್ಲ ಸಹಿಗೆ ಮುಂಚೆಯೇ ಕೇಳಬೇಕು. ಒಮ್ಮೆ ತರಬೇತಿಗೆ ಹೋದರೆ ಆಮೇಲೆ ಫೋಟೊ ಅಳಿಸಿದರೂ ಆ ಎಐ ಅದರಿಂದ ಕಲಿತದ್ದನ್ನು ಬಿಡಿಸಿ ತೆಗೆಯುವುದು ತುಂಬಾ ಕಷ್ಟ.

ಹುಬ್ಬಳ್ಳಿಯ ಪಾಲಕರು: ಅಕ್ಕಾರ, ನಮ್ಮ ಮಗಳ ಸಾಲ್ಯಾಗೂ ಇದ ಬಂದಿತ್ತು. ಒಬ್ಬಾಕೆನ ಹೋಗಬ್ಯಾಡ್ರಿ. ಒಂದ ಕ್ಲಾಸಿನ ಪಾಲಕರು ಕೂಡಿ ಹೋಗ್ರಿ, ಅರ್ಜಿ ಬರದು ಕೊಟ್ಟು ಪೋಚಪಾವತಿ (ಅರ್ಜಿ ಮುಟ್ಟೈತಿ ಅನ್ನೋ ರಸೀದಿ) ತಗೊಳ್ರಿ. ಹೆಡ್ ಮೇಡಮ್ಮಾರ ಮ್ಯಾಲೆ ಸಿಟ್ಟಾಗಬ್ಯಾಡ್ರಿ, ಕಂಪನಿಯವ ಏನ್ ಹೇಳಿರ್ತಾನೋ ಅವರಿಗೂ ಅಷ್ಟ ಗೊತ್ತಿರತೈತಿ. ನಮ್ಮ ಪ್ರಶ್ನೆ ನೋಡಿ ಅವರ ಕಂಪನಿಗೆ ಫೋನ್ ಹಚ್ಚಿದ್ರು, ಆ ಕಡಿಂದ ನೆಟ್ಟಗ ಉತ್ತರನ ಬರ್ಲಿಲ್ಲ. ಈಗ ಬ್ಯಾಡ ಅಂದವರ ಮಕ್ಕಳಿಗೆ ಐಡಿ ಕಾರ್ಡ್ ತೋರಿಸಿದ್ರ ಹಾಜರಿ ಹಾಕ್ತಾರ.

ಧಾರವಾಡದ ವಕೀಲರು: ಗೋಪ್ಯತೆ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಒಮ್ಮತದಿಂದ ಹೇಳಿತು. ಆಧಾರ್ ಪ್ರಶ್ನಿಸಿ 2012ರಲ್ಲಿ ಆ ಅರ್ಜಿ ಹಾಕಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು. ವಯಸ್ಸು ಎಂಬತ್ತು ದಾಟಿದ ಮೇಲೆ ಅವರು ಮಾಡಿದ ಈ ಕೆಲಸ ನೆನೆದಾಗಲೆಲ್ಲ ನನಗೆ ಧೈರ್ಯ ಬರುತ್ತದೆ.

ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 2023ರಲ್ಲಿ ಬಂತು, ನಿಯಮಗಳು 2025ರ ನವೆಂಬರ್‌ನಲ್ಲಿ. ಆದರೆ ಒಪ್ಪಿಗೆ, ಅಳಿಸುವ ಹಕ್ಕು ಮುಂತಾದ ಮುಖ್ಯ ಭಾಗಗಳಿಗೆ ಹದಿನೆಂಟು ತಿಂಗಳ ಗಡುವು ಕೊಟ್ಟಿರುವುದರಿಂದ ಅವು ಜಾರಿಗೆ ಬರುವುದು 2027ರ ಮೇ ತಿಂಗಳಲ್ಲಿ. ಅಲ್ಲಿಯವರೆಗೆ ಮಾಹಿತಿ ತಂತ್ರಜ್ಞಾನ (ಐಟಿ) ಕಾಯ್ದೆಯ 43ಎ ಸೆಕ್ಷನ್ ಮತ್ತು ಅದರಡಿಯ 2011ರ ನಿಯಮಗಳೇ ಆಧಾರ. ಅವುಗಳ ಪ್ರಕಾರ ಮುಖ, ಬೆರಳಚ್ಚಿನಂಥ ಬಯೊಮೆಟ್ರಿಕ್ ಎಂದರೆ ಸೂಕ್ಷ್ಮ ಮಾಹಿತಿ. ಲಿಖಿತ ಒಪ್ಪಿಗೆ ಬೇಕು, ಕೊಡುವುದಿಲ್ಲ ಎನ್ನಲು ಅವಕಾಶ ಇರಬೇಕು, ಕೊಟ್ಟದ್ದನ್ನು ಬರೆದುಕೊಟ್ಟು ಹಿಂಪಡೆಯಬಹುದು. ಒಪ್ಪದಿದ್ದರೆ ಸೇವೆ ನಿಲ್ಲಿಸಬಹುದು ಎಂದೂ ಅದರಲ್ಲೇ ಇದೆ. ನನ್ನ ಪ್ರಕಾರ ಇಲ್ಲಿ ಸೇವೆ ಎಂದರೆ ಆ ಯಂತ್ರದ ಮೆಸೇಜ್, ಮಗುವಿನ ಪಾಠವಲ್ಲ. ಟ್ರಸ್ಟ್ ನಡೆಸುವ ಶಾಲೆ ಈ ನಿಯಮ ತನಗೆ ಅನ್ವಯಿಸದು ಎಂದು ವಾದಿಸಬಹುದು, ಕಂಪನಿ ಹಾಗೆ ಜಾರಿಕೊಳ್ಳಲಾರದು.

ಹೊಸ ಕಾಯ್ದೆಯಲ್ಲಿ ಹದಿನೆಂಟರೊಳಗಿನವರ ಮಾಹಿತಿಗೆ ಪಾಲಕರ ದೃಢಪಟ್ಟ ಒಪ್ಪಿಗೆ ಕಡ್ಡಾಯ, ಒಪ್ಪಿಗೆಯ ನೋಟಿಸನ್ನು ಕನ್ನಡದಲ್ಲಿ ಕೇಳಿ ಪಡೆಯಬಹುದು. ಆದರೆ ಎರಡು ಕಡೆ ನನಗೆ ಸಮಾಧಾನವಿಲ್ಲ. ಶಿಕ್ಷಣ ಮತ್ತು ಮಕ್ಕಳ ಸುರಕ್ಷತೆಯ ಕಾರಣಕ್ಕೆ ಮಕ್ಕಳ ಮೇಲೆ ನಿಗಾ ಇಡಲು ಶಾಲೆಗಳಿಗೆ ನಿಯಮಗಳು ವಿನಾಯಿತಿ ಕೊಟ್ಟಿವೆ. ಕಂಪನಿ ತನ್ನ ಎಐ ಬೆಳೆಸಿಕೊಳ್ಳುವುದು ಅದರೊಳಗೆ ಬರುವುದಿಲ್ಲ ಎಂಬುದು ನನ್ನ ಓದು, ಆದರೆ ಆ ಜಗಳ ಇನ್ನೂ ಮುಂದಿದೆ. ಎರಡನೆಯದು ಪರಿಹಾರ. 43ಎ ಅಡಿ ನಷ್ಟವಾದವರು ಪರಿಹಾರ ಕೇಳಬಹುದು. ಹೊಸ ಕಾಯ್ದೆ ಪೂರ್ತಿ ಜಾರಿಯಾದಾಗ ಆ ಸೆಕ್ಷನ್ನನ್ನೇ ತೆಗೆದುಹಾಕುತ್ತದೆ. ದಂಡ 250 ಕೋಟಿ ರೂಪಾಯಿವರೆಗೆ ಇದೆ, ಸೇರುವುದು ಸರ್ಕಾರದ ಖಜಾನೆಗೆ. ಮಗುವಿನ ಮುಖ ಸೋರಿಹೋದ ಮನೆಯವರಿಗೆ ಒಂದು ರೂಪಾಯಿಯೂ ಇಲ್ಲ. ಇದು ಅನ್ಯಾಯ ಎಂದೇ ನಾನು ಹೇಳುತ್ತೇನೆ.

ಇನ್ನೊಂದು ಮಾತು. ನಾವೇ ಎಲ್ಲರಿಗೂ ಕಾಣುವಂತೆ ಹಾಕಿದ ಮಾಹಿತಿಗೆ ಈ ಕಾಯ್ದೆ ಅನ್ವಯಿಸುವುದೇ ಇಲ್ಲ. ಹಾಗಾಗಿ ಮಕ್ಕಳ ಫೋಟೊ ಫೇಸ್‌ಬುಕ್‌ನಲ್ಲಿ ಪಬ್ಲಿಕ್ ಇಟ್ಟಿದ್ದರೆ ಇವತ್ತೇ ಬದಲಿಸಿ.

ಸ್ವೀಡನ್‌ನಲ್ಲಿರುವ ಕನ್ನಡಿಗ: ಇಲ್ಲಿಯ ಶೆಲೆಫ್ಟಿಯೊ ಊರಿನ ಒಂದು ಶಾಲೆ 22 ಮಕ್ಕಳ ಹಾಜರಿಯನ್ನು ಪ್ರಯೋಗಕ್ಕೆಂದು ಮುಖ ಗುರುತಿಸುವ ಕ್ಯಾಮೆರಾದಿಂದ ತೆಗೆದುಕೊಂಡಿತ್ತು. ಒಪ್ಪಿಗೆ ಪಡೆದಿದ್ದೇವೆ ಎಂದು ವಾದಿಸಿದರು. ಮಕ್ಕಳು ಶಾಲೆಯನ್ನೇ ನಂಬಿಕೊಂಡಿರುವಾಗ ಅದು ಮುಕ್ತ ಒಪ್ಪಿಗೆ ಆಗುವುದಿಲ್ಲ ಎಂದು ದತ್ತಾಂಶ ಪ್ರಾಧಿಕಾರ 2019ರಲ್ಲಿ 2 ಲಕ್ಷ ಕ್ರೋನರ್ ದಂಡ ಹಾಕಿತು. ನಮ್ಮ ಕಾನೂನು ಬೇರೆ, ನಿಜ. ಆದರೆ "ಎಲ್ಲರೂ ಹಾಕಿದಾರೆ" ಎಂಬ ಮಾತಿಗೆ ಇದನ್ನು ಹೇಳಬಹುದು.

ಹಾಸನದ ತಾಯಿ: ನಮ್ಮಲ್ಲಿ ಕಳೆದ ವರ್ಷವೇ ಫೋಟೊ ತೆಗೆದುಬಿಟ್ಟಿದ್ದಾರೆ ಸರ್. ಈಗ ಏನಾದರೂ ಮಾಡಬಹುದಾ?

ಧಾರವಾಡದ ವಕೀಲರು: ಖಂಡಿತ ಮಾಡಬಹುದಮ್ಮ. ಶಾಲೆಗೂ ಕಂಪನಿಯ ದೂರು ಅಧಿಕಾರಿಗೂ ಒಂದೇ ಪತ್ರ ಕಳಿಸಿ. ಆ ಅಧಿಕಾರಿಯ ಹೆಸರು ಕಂಪನಿಯ ವೆಬ್‌ಸೈಟ್‌ನಲ್ಲಿ ಇರಲೇಬೇಕು, ದೂರು ಬಗೆಹರಿಸಲು 2011ರ ನಿಯಮದಲ್ಲಿ ಒಂದು ತಿಂಗಳ ಗಡುವಿದೆ. ಇಷ್ಟು ಬರೆದರೆ ಸಾಕು: "ನನ್ನ ಮಗುವಿನ ಮುಖದ ಮಾಹಿತಿಗೆ ಕೊಟ್ಟ ಒಪ್ಪಿಗೆಯನ್ನು ಹಿಂಪಡೆಯುತ್ತಿದ್ದೇನೆ. ಫೋಟೊ, ಟೆಂಪ್ಲೇಟ್ ಮತ್ತು ಬ್ಯಾಕಪ್ ಪ್ರತಿಗಳನ್ನು ಅಳಿಸಿ ಲಿಖಿತವಾಗಿ ತಿಳಿಸಿ. ಇದುವರೆಗೆ ಯಾರಿಗೆ ಕೊಟ್ಟಿದ್ದೀರಿ, ಎಐ ತರಬೇತಿಗೆ ಬಳಸಿದ್ದೀರಾ ಎಂಬುದನ್ನೂ ತಿಳಿಸಿ. ಮಗುವಿನ ಹಾಜರಿಯನ್ನು ಪುಸ್ತಕದಲ್ಲಿ ಮುಂದುವರಿಸಿ." ಸ್ಪೀಡ್ ಪೋಸ್ಟ್‌ನಲ್ಲೂ ಇಮೇಲ್‌ನಲ್ಲೂ ಕಳಿಸಿ, ರಸೀದಿ ಎತ್ತಿಡಿ.